ಲಿಸ್ಟರನ ರಬ್ಬರು ನಳಿಗೆ

ಸೊಂಟದ ಕೀಲನ್ನು ಬದಲಿಸಿಕೊಂಡವರ ಗಾಯದಿಂದ ಸಣ್ಣದೊಂದು ನಳಿಗೆ ಹೊರಟು ಹಾಸಿಗೆಯ ಪಕ್ಕದ ಸೀಸೆಗೆ ಸೇರಿರುವುದನ್ನು ಕಂಡವರುಂಟು. ಒಳಗೆ ನಿಲ್ಲುವ ನೆತ್ತರನ್ನು ಬಸಿದು ತೆಗೆಯುವ ಸಾಧನವದು. ಆ ನಳಿಗೆಯ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಜೋಸೆಫ್ ಲಿಸ್ಟರನದು.

1827ರ ಏಪ್ರಿಲ್ 5ರಂದು ಇಂಗ್ಲೆಂಡಿನ ಅಪ್ಟನ್ನಿನಲ್ಲಿ, ಕ್ವೇಕರ್ ಪಂಥದ ಮನೆತನವೊಂದರಲ್ಲಿ ಅವನು ಹುಟ್ಟಿದನು. ತಂದೆ ಮದ್ಯದ ವ್ಯಾಪಾರಿ. ಆದರೆ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ವಿದ್ವಾಂಸರ ಮನ್ನಣೆ ಪಡೆದವನು. ಬರಿಗಣ್ಣಿಗೆ ಕಾಣದ ಲೋಕವೊಂದಿದೆಯೆಂಬ ಅರಿವು ಮಗನಿಗೆ ಮನೆಯಲ್ಲಿಯೇ ದೊರೆಯಿತು. ಲಂಡನ್ನಿನಲ್ಲಿ ಓದಿದ ಲಿಸ್ಟರ್, ಎಡಿನ್‌ಬರೋದಲ್ಲಿ ಹೆಸರಾಂತ ಶಸ್ತ್ರವೈದ್ಯ ಸೈಮ್‌ನ ಬಳಿ ಪಳಗಿ, 1856ರಲ್ಲಿ ಅವನ ಮಗಳು ಆಗ್ನೆಸಳ ಕೈಹಿಡಿದನು. 1860ರಲ್ಲಿ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾದನು.

ಆಗಿನ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆ ಗೆದ್ದರೂ ರೋಗಿ ಸೋಲುತ್ತಿದ್ದನು. ಗಾಯ ಕೊಳೆತು, ನಂಜು ನೆತ್ತರಿಗೇರಿ ಸಾಯುವವರು ಅನೇಕರು. ಪಾಶ್ಚರನ ಸಂಶೋಧನೆಗಳನ್ನೋದಿದ ಲಿಸ್ಟರನಿಗೆ, ಇದಕ್ಕೂ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿತು. 1865ರ ಆಗಸ್ಟಿನಲ್ಲಿ, ಬಂಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ತೋಯಿಸಿದ ಪಟ್ಟಿ ಕಟ್ಟಿದನು. ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿತು, ಕಾಲು ಉಳಿಯಿತು. 1867ರಲ್ಲಿ ಈ ವಿಧಾನವನ್ನು ಪ್ರಕಟಿಸಿದನು.

1871ರಲ್ಲಿ ಬಾಲ್ಮೋರಲ್ ಅರಮನೆಯಿಂದ ಕರೆಬಂತು. ರಾಣಿ ವಿಕ್ಟೋರಿಯಾಳ ಕಂಕುಳಲ್ಲಿ ದೊಡ್ಡ ಕುರು. ಲಿಸ್ಟರ್ ಅದನ್ನು ಕೊಯ್ದು ಬಟ್ಟೆಯ ಬತ್ತಿಯಿಟ್ಟನು. ಮರುದಿನ ನೋಡಿದರೆ ಕೀವು ಒಳಗೇ ಕಟ್ಟಿಕೊಂಡಿತ್ತು. ಆಮ್ಲವನ್ನು ತುಂತುರಾಗಿ ಸಿಂಪಡಿಸುವ ತನ್ನ ಯಂತ್ರದ ರಬ್ಬರು ಕೊಳವೆಯಿಂದಲೇ ತುಂಡೊಂದನ್ನು ಕತ್ತರಿಸಿ, ರಾತ್ರಿಯೆಲ್ಲ ಆಮ್ಲದಲ್ಲಿ ನೆನೆಯಿಟ್ಟು, ಬೆಳಗ್ಗೆ ಗಾಯದಲ್ಲಿರಿಸಿದನು. ಕೀವು ಬಸಿದುಹೋಯಿತು, ರಾಣಿ ಗುಣಹೊಂದಿದಳು. ಪ್ಯಾರಿಸ್ಸಿನ ಶಾಸೆನ್ಯಾಕ್ ರಬ್ಬರು ನಳಿಗೆಯನ್ನು ಮೊದಲೇ ಬಳಕೆಗೆ ತಂದಿದ್ದನು. ಅದನ್ನು ಶುದ್ಧಗೊಳಿಸಿ ಬಳಸುವ ಎಚ್ಚರ ಲಿಸ್ಟರನದು.

ಅವನ ನಿಜವಾದ ಹಿರಿಮೆ ಕಂಡುಬಂದುದು ಮುಂದೆ. ಗಾಳಿಯಲ್ಲಿನ ಜೀವಿಗಳಿಗಿಂತ ಕೈಗಳ, ಉಪಕರಣಗಳ ಕೊಳೆಯೇ ಹೆಚ್ಚು ಅಪಾಯಕರವೆಂದು ತಿಳಿದೊಡನೆ ಆ ತುಂತುರು ಯಂತ್ರವನ್ನೇ ಕೈಬಿಟ್ಟನು. 1890ರಲ್ಲಿ ಬರ್ಲಿನ್ನಿನ ವೈದ್ಯಸಮ್ಮೇಳನದಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡನು. ತಾನೇ ಅದನ್ನು ಬೋಧಿಸಿದೆನಲ್ಲಾ ಎಂಬ ನಾಚಿಕೆಯನ್ನೂ ಮರೆಮಾಚಲಿಲ್ಲ. 1897ರಲ್ಲಿ ಪ್ರಭುಪದವಿ ಪಡೆದು, 1912ರ ಫೆಬ್ರುವರಿ 10ರಂದು ವಾಲ್ಮರಿನಲ್ಲಿ ತೀರಿಕೊಂಡನು.

ಈಗ ಸೊಂಟದ ಕೀಲಿಗೆ ಮರಳೋಣ. ನಿಂತ ನೆತ್ತರು ಸೋಂಕಿಗೆ ಎಡೆಗೊಟ್ಟೀತೆಂದು ಅಲ್ಲಿ ನಳಿಗೆಯಿಡುವುದು ಬಹುಕಾಲ ರೂಢಿಯಾಗಿತ್ತು. ನಳಿಗೆಯಿಟ್ಟವರನ್ನೂ ಇಡದವರನ್ನೂ ಹೋಲಿಸಿ ನೋಡಿದಾಗ ಸೋಂಕು ತಗ್ಗಿದುದು ಸ್ಪಷ್ಟವಾಗಿ ಕಾಣಲಿಲ್ಲ. ನಳಿಗೆಯಿಟ್ಟವರಿಗೆ ರಕ್ತ ಕೊಡಬೇಕಾದ ಸಂದರ್ಭಗಳೇ ಹೆಚ್ಚಿದವು. ಅನೇಕ ವೈದ್ಯರು ಆ ವಾಡಿಕೆಯನ್ನು ತೊರೆದಿದ್ದಾರೆ. ಕೀವು ತುಂಬಿದ ಕುರುವಿಗೆ ಬೇಕಾದ ನಳಿಗೆ ಶುದ್ಧವಾದ ಗಾಯಕ್ಕೂ ಬೇಕೆಂದೇನಿಲ್ಲ. ಲಿಸ್ಟರ್ ಇದ್ದಿದ್ದರೆ ಬೇಸರಪಡುತ್ತಿರಲಿಲ್ಲ. ಉಪಕರಣಕ್ಕಿಂತ ರೋಗಿಯ ಹಿತ ದೊಡ್ಡದೆಂಬುದನ್ನು ಅವನು ತನ್ನ ಯಂತ್ರವನ್ನೇ ಬದಿಗಿಟ್ಟು ತೋರಿಸಿದ್ದನು.