ಡೀಸೆಲ್ ಎಂಜಿನ್ ಕಂಡುಹಿಡಿದವರನ್ನು ಕಡಲೆಕಾಯಿ ಎಣ್ಣೆಗಾಗಿ ಕೊಂದರೇ? ರುಡಾಲ್ಫ್ ಡೀಸೆಲ್ ಅವರ ನಿಜ ಕಥೆ

ಡೀಸೆಲ್ ಬೆಲೆ ಏರಿದಾಗಲೆಲ್ಲ ಒಂದು ಸಂದೇಶ ನಮ್ಮ ಫೋನುಗಳಿಗೆ ತಪ್ಪದೇ ಬರುತ್ತದೆ. ಡೀಸೆಲ್ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅದನ್ನು ಮಾಡಿದ್ದೇ ಕಡಲೆಕಾಯಿ ಎಣ್ಣೆಗಾಗಿ, ಇದರಿಂದ ಹೆದರಿದ ತೈಲ ಕಂಪನಿಗಳು ಅವರನ್ನು ಹಡಗಿನಿಂದ ಸಮುದ್ರಕ್ಕೆ ತಳ್ಳಿಸಿದವು ಎಂಬುದು ಅದರ ಸಾರಾಂಶ. ಕೊನೆಗೊಂದು ಸಲಹೆಯೂ ಇರುತ್ತದೆ: ನಿಮ್ಮ ಹಳೇ ಡೀಸೆಲ್ ಕಾರಿಗೆ ಅಡುಗೆ ಎಣ್ಣೆ ಹಾಕಿ, ದುಡ್ಡು ಉಳಿಸಿ.

ಈ ಸಂದೇಶದಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಸುಳ್ಳಿದೆ. ಸಲಹೆ ಪಾಲಿಸಿದರೆ ನಿಮ್ಮ ಕಾರು ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಬ್ಬ ಮನುಷ್ಯನ ನಿಜವಾದ ಸಂಕಟವನ್ನು ಇದು ಮುಚ್ಚಿಹಾಕುತ್ತದೆ. ಹಾಗಾಗಿ ಮೊದಲಿನಿಂದ ನೋಡೋಣ.

ಯುದ್ಧ ಊರು ಬಿಡಿಸಿದ ಹುಡುಗ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನಿಯ ಬವೇರಿಯಾ ಮೂಲದವರು. ಅಪ್ಪನದು ಚರ್ಮದ ವಸ್ತುಗಳನ್ನು ತಯಾರಿಸುವ ಕಸುಬು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾದಾಗ ಈ ಕುಟುಂಬ ಪ್ಯಾರಿಸ್ ಬಿಟ್ಟು ಲಂಡನ್ ಸೇರಬೇಕಾಯಿತು. ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಅಲ್ಲಿಂದ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಓದಲು ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು.

ಹುಡುಗ ಓದಿನಲ್ಲಿ ಚುರುಕು. ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯ ಸೇರಿದ. ಅಲ್ಲಿ ಸಿಕ್ಕ ಗುರು ಕಾರ್ಲ್ ವಾನ್ ಲಿಂಡೆ, ಶೈತ್ಯೀಕರಣ ಯಂತ್ರಗಳಿಗೆ ಹೆಸರಾದವರು. ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ಶೇ 10ರಷ್ಟನ್ನೂ ಕೆಲಸವಾಗಿ ಬದಲಿಸುವುದಿಲ್ಲ, ಉಳಿದದ್ದೆಲ್ಲ ವ್ಯರ್ಥ ಎಂದು ತರಗತಿಯಲ್ಲಿ ಕೇಳಿದ್ದು ಡೀಸೆಲ್ ತಲೆಯಿಂದ ಹೋಗಲೇ ಇಲ್ಲ. 1880ರಲ್ಲಿ ಓದು ಮುಗಿಸಿ ಲಿಂಡೆ ಅವರ ಮಂಜುಗಡ್ಡೆ ಯಂತ್ರಗಳ ವ್ಯವಹಾರದಲ್ಲೇ ಪ್ಯಾರಿಸ್‌ನಲ್ಲಿ ಕೆಲಸಕ್ಕೆ ಸೇರಿದರು. 1883ರಲ್ಲಿ ಮಾರ್ಥಾ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು.

ಕಿಡಿಯಿಲ್ಲದೆ ಹೊತ್ತುವ ಬೆಂಕಿ

ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ಗಮನಿಸಿರುತ್ತೀರಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಅವರ ಯೋಚನೆಯ ಬುಡ ಇದೇ. ಸಿಲಿಂಡರಿನಲ್ಲಿ ಬರೀ ಗಾಳಿ ತುಂಬಿ ಅದನ್ನು ಬಲವಾಗಿ ಒತ್ತಬೇಕು. ಅದು ಚೆನ್ನಾಗಿ ಕಾದಾಗ ಇಂಧನ ಚಿಮುಕಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬೇಕಿಲ್ಲ. ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ.

1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಮರುವರ್ಷ ಅದು ಕೈಗೆ ಬಂತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ಬೆಂಬಲಕ್ಕೆ ನಿಂತವು. ಆದರೆ ಕಾಗದದ ಮೇಲಿದ್ದದ್ದು ಕಬ್ಬಿಣದಲ್ಲಿ ಸುಲಭವಾಗಿ ಬರಲಿಲ್ಲ. 1893ರ ಆಗಸ್ಟ್ 10ರಂದು ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಎಂಜಿನ್ ತನ್ನ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ತಿರುಗಿದ್ದು 1894ರ ಫೆಬ್ರವರಿಯಲ್ಲಿ. ಸರಿಯಾದ ಎಂಜಿನ್ ಸಿದ್ಧವಾಗಲು ಇನ್ನೂ ಮೂರು ವರ್ಷ ಹಿಡಿಯಿತು.

1897ರ ಫೆಬ್ರವರಿ 17ರಂದು ಮ್ಯೂನಿಕ್‌ನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅದನ್ನು ಅಧಿಕೃತವಾಗಿ ಪರೀಕ್ಷಿಸಿದರು. ಇಂಧನದ ಶಾಖದಲ್ಲಿ ಶೇ 26.2ರಷ್ಟು ಕೆಲಸವಾಗಿ ಬದಲಾಗಿತ್ತು. ಆ ಕಾಲಕ್ಕೆ ಇದು ನಂಬಲಾಗದ ಸಂಖ್ಯೆ.

ಗಾತ್ರವನ್ನೂ ನೋಡಿ. ಒಂದೇ ಸಿಲಿಂಡರ್, ಅಗಲ 25 ಸೆಂ.ಮೀ., ಪಿಸ್ಟನ್ ಚಲಿಸುವ ದೂರ 40 ಸೆಂ.ಮೀ. ಲೆಕ್ಕ ಹಾಕಿದರೆ 19 ಲೀಟರ್‌ಗೂ ಹೆಚ್ಚು. ಸಿಗುತ್ತಿದ್ದ ಶಕ್ತಿ ಸುಮಾರು 20 ಅಶ್ವಶಕ್ತಿ. ನಮ್ಮ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿದ ಫಿಯೆಟ್ ಮೂಲದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ನೆನಪಿಸಿಕೊಳ್ಳಿ. ಸ್ವಿಫ್ಟ್‌ನಿಂದ ಇಂಡಿಕಾ ವಿಸ್ಟಾವರೆಗೆ ಹಲವು ಕಾರುಗಳಲ್ಲಿ ಇದ್ದದ್ದು ಅದೇ. ಅದರ ಗಾತ್ರ 1248 ಸಿಸಿ, ಶಕ್ತಿ 75 ಅಶ್ವಶಕ್ತಿ. ಗಾತ್ರದಲ್ಲಿ ಹದಿನೈದನೇ ಒಂದು ಭಾಗ, ಶಕ್ತಿಯಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು. ಆದರೂ ಎರಡರೊಳಗಿನ ತತ್ವ ಒಂದೇ.

ಕಡಲೆಕಾಯಿ ಎಣ್ಣೆ ಎಲ್ಲಿಂದ ಬಂತು?

1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿದ್ದು ನಿಜ. ಓಡಿಸಿದ್ದು ಆಟೋ ಎಂಬ ಕಂಪನಿ. ಇದರಲ್ಲಿ ಆಸಕ್ತಿ ಇದ್ದದ್ದು ಫ್ರೆಂಚ್ ಸರ್ಕಾರಕ್ಕೆ, ಏಕೆಂದರೆ ಅದರ ಆಫ್ರಿಕಾದ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿ ಬೆಳೆಯುತ್ತಿತ್ತು. ಆ ಎಂಜಿನ್ ತಯಾರಾಗಿದ್ದು ಖನಿಜ ತೈಲಕ್ಕೇ ಎಂಬುದನ್ನು ಸ್ವತಃ ಡೀಸೆಲ್ ಅವರೇ ನಂತರ ದಾಖಲಿಸಿದ್ದಾರೆ. ಅವರ ಮೊದಲ ಯೋಜನೆಗಳಲ್ಲಿ ಕಲ್ಲಿದ್ದಲ ಪುಡಿಯೂ ಇತ್ತು. ಸಸ್ಯದ ಎಣ್ಣೆಗಳಿಗೆ ಮುಂದೊಂದು ದಿನ ಮಹತ್ವ ಬರಬಹುದು ಎಂದು ಕೊನೆಯ ವರ್ಷಗಳಲ್ಲಿ ಅವರು ಹೇಳಿದ್ದೂ ಹೌದು. ಆದರೆ ಎಂಜಿನ್ ಹುಟ್ಟಿದ್ದೇ ಕಡಲೆಕಾಯಿ ಎಣ್ಣೆಗಾಗಿ ಎಂಬುದು ಸುಳ್ಳು.

ಹೆಸರು ಬಂತು, ನೆಮ್ಮದಿ ಬರಲಿಲ್ಲ

1897ರ ನಂತರ ಹಣ ಹರಿದು ಬಂತು. ಅಮೆರಿಕದ ಹಕ್ಕುಗಳನ್ನು ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್ ಕೊಟ್ಟು ಪಡೆದರು. ಡೀಸೆಲ್ ಮ್ಯೂನಿಕ್‌ನಲ್ಲಿ ಭವ್ಯ ಮನೆ ಕಟ್ಟಿಸಿದರು. ಆದರೆ ಮೊದಲು ಮಾರಾಟವಾದ ಹಲವು ಎಂಜಿನ್‌ಗಳು ಕೈಕೊಟ್ಟವು. ಪೇಟೆಂಟ್ ವಿವಾದಗಳು ಸುತ್ತಿಕೊಂಡವು. 1898ರಲ್ಲಿ ಮಾನಸಿಕವಾಗಿ ಕುಸಿದು ಆರೋಗ್ಯಧಾಮ ಸೇರಿದರು. ಜಮೀನು ವ್ಯವಹಾರಗಳಲ್ಲಿ ಹಾಕಿದ ಹಣ ಮುಳುಗಿತು.

ಅತ್ತ ಅವರ ಎಂಜಿನ್ ಬೆಳೆಯುತ್ತಲೇ ಇತ್ತು. 1912ರಲ್ಲಿ ಡೆನ್ಮಾರ್ಕ್‌ನ ಸೆಲಾಂಡಿಯಾ ಹಡಗು ಡೀಸೆಲ್ ಬಲದಿಂದ ಸಾಗರ ದಾಟಿತು. ಕಾರಿನಲ್ಲಿ ತಮ್ಮ ಎಂಜಿನ್ ನೋಡುವ ಭಾಗ್ಯ ಮಾತ್ರ ಅವರಿಗಿರಲಿಲ್ಲ. ಆಗ ಇಂಧನ ಚಿಮುಕಿಸಲು ದೊಡ್ಡ ಗಾಳಿ ಕಂಪ್ರೆಸರ್ ಬೇಕಿತ್ತು, ಅದು ಕಾರಿನೊಳಗೆ ಹಿಡಿಸುತ್ತಿರಲಿಲ್ಲ. 1927ರಲ್ಲಿ ಬಾಷ್ ಕಂಪನಿ ಸಣ್ಣ ಇಂಧನ ಪಂಪಿನ ತಯಾರಿಕೆ ಶುರು ಮಾಡಿದ ಮೇಲೆ ದಾರಿ ತೆರೆಯಿತು. 1936ರಲ್ಲಿ ಮರ್ಸಿಡಿಸ್-ಬೆಂಝ್ 260 ಡಿ ಕಾರು ಬಂತು.

ಕೊನೆಯ ರಾತ್ರಿ

1913ರ ಸೆಪ್ಟೆಂಬರ್ 29ರ ಸಂಜೆ 55 ವರ್ಷದ ಡೀಸೆಲ್ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡನ್ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು. ಜೊತೆಗಾರರೊಂದಿಗೆ ಊಟ ಮಾಡಿ, ಬೆಳಿಗ್ಗೆ 6.15ಕ್ಕೆ ಎಬ್ಬಿಸಲು ಹೇಳಿ, ರಾತ್ರಿ ಹತ್ತರ ಸುಮಾರಿಗೆ ಕೋಣೆಗೆ ಹೋದರು. ಬೆಳಿಗ್ಗೆ ಕೋಣೆ ಖಾಲಿ. ಹಾಸಿಗೆಯಲ್ಲಿ ಯಾರೂ ಮಲಗಿದ ಗುರುತಿಲ್ಲ. ಡೆಕ್ಕಿನ ಕಂಬಿಯ ಹತ್ತಿರ ಅವರ ಟೋಪಿ ಮತ್ತು ಕೋಟು ಸಿಕ್ಕವು. ಸುಮಾರು ಹತ್ತು ದಿನಗಳ ನಂತರ ಡಚ್ ದೋಣಿಯೊಂದರವರಿಗೆ ಸಮುದ್ರದಲ್ಲಿ ಶವ ಕಂಡಿತು. ಜೇಬಿನಲ್ಲಿದ್ದ ವಸ್ತುಗಳನ್ನು ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಆ ವಸ್ತುಗಳನ್ನು ಗುರುತಿಸಿದ್ದು ಮಗ ಯೂಜೆನ್.

ಕೊಲೆಯ ಊಹೆ ಆಗಿನ ಪತ್ರಿಕೆಗಳಲ್ಲೇ ಶುರುವಾಯಿತು. ಇಂದಿನವರೆಗೂ ಅದಕ್ಕೊಂದು ಪುರಾವೆ ಸಿಕ್ಕಿಲ್ಲ. ತೈಲ ಕಂಪನಿಗಳ ಕಥೆಯಂತೂ ತರ್ಕಕ್ಕೇ ನಿಲ್ಲುವುದಿಲ್ಲ. ಕಲ್ಲಿದ್ದಲಿನಿಂದ ಓಡುತ್ತಿದ್ದ ಹಡಗುಗಳು ಡೀಸೆಲ್ ಎಂಜಿನ್‌ಗೆ ಬದಲಾದರೆ ಲಾಭವಾಗುವುದು ತೈಲ ಮಾರುವವರಿಗೇ. ಮತ್ತೊಂದು ಕಡೆ, ಆಸ್ತಿ ಕರಗಿ ಸಾಲ ಬೆಳೆದಿತ್ತು, ಆರೋಗ್ಯ ಕೆಟ್ಟಿತ್ತು. ದಿನಚರಿಯಲ್ಲಿ ಆ ದಿನದ ಮುಂದೆ ಒಂದು ಅಡ್ಡಗೆರೆಯ ಗುರುತು ಇತ್ತೆಂದೂ, ಹೊರಡುವ ಮುನ್ನ ಹೆಂಡತಿಗೆ ಕೊಟ್ಟು ಹೋದ ಚೀಲದಲ್ಲಿ ನಗದು ಮತ್ತು ಖಾಲಿಯಾದ ಖಾತೆಗಳ ಲೆಕ್ಕ ಇತ್ತೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಹೆಚ್ಚಿನ ಚರಿತ್ರಕಾರರು ಇದನ್ನು ಆತ್ಮಹತ್ಯೆ ಎಂದೇ ಭಾವಿಸುತ್ತಾರೆ. ನೂರಕ್ಕೆ ನೂರು ಖಚಿತವಾಗಿ ಯಾರೂ ಹೇಳಲಾರರು.

ಹಾಗಾದರೆ ನಿಮ್ಮ ಹಳೇ ಕಾರಿಗೆ?

ಅಡುಗೆ ಎಣ್ಣೆ ಹಾಕಬೇಡಿ. ಅದು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. 1900ರ ನಿಧಾನಗತಿಯ ಎಂಜಿನ್ ಅದನ್ನು ಸಹಿಸಿಕೊಂಡಿತು. ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿದ ಪ್ರಯೋಗಗಳು ಕರ್ನಾಟಕದಲ್ಲೂ ನಡೆದಿವೆ. ಆದರೆ ಮಲ್ಟಿಜೆಟ್‌ನಂಥ ಎಂಜಿನ್‌ನ ಇಂಜೆಕ್ಟರ್‌ಗಳು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೂದಲೆಳೆಯಂಥ ರಂಧ್ರಗಳಿಂದ ಇಂಧನ ಚಿಮ್ಮಿಸುತ್ತವೆ. ಮಂದ ಎಣ್ಣೆ ಅಲ್ಲಿ ಮಸಿ ಕಟ್ಟುತ್ತದೆ. ಉರಿಯದೆ ಉಳಿದದ್ದು ಎಂಜಿನ್ ಆಯಿಲ್‌ಗೆ ಸೇರಿ ಅದನ್ನೂ ಕೆಡಿಸುತ್ತದೆ. ಬಯೋಡೀಸೆಲ್ ಬೇರೆ ವಸ್ತು, ಅದು ರಾಸಾಯನಿಕ ಕ್ರಿಯೆಯಿಂದ ತೆಳುವಾಗಿಸಿದ ಎಣ್ಣೆ.

ಹಳೇ ಡೀಸೆಲ್ ಕಾರಿನ ತೊಂದರೆಗಳು ಅರ್ಥವಾಗಲು ಡೀಸೆಲ್ ಅವರ ತತ್ವವನ್ನು ನೆನಪಿಟ್ಟುಕೊಂಡರೆ ಸಾಕು:

- ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲವೇ? ಗಾಳಿ ಸಾಕಷ್ಟು ಕಾಯುತ್ತಿಲ್ಲ. ಹೀಟರ್ ಪ್ಲಗ್, ಬ್ಯಾಟರಿ, ಕಂಪ್ರೆಷನ್ ನೋಡಿಸಿ.
- ಕಪ್ಪು ಹೊಗೆಯೇ? ಇಂಧನ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್, ಇಂಜೆಕ್ಟರ್, ಮಸಿ ಕಟ್ಟಿದ ಇಜಿಆರ್ ವಾಲ್ವ್ ಕಾರಣವಿರಬಹುದು.
- ನೀಲಿ ಹೊಗೆಯೇ? ಎಂಜಿನ್ ಆಯಿಲ್ ಉರಿಯುತ್ತಿದೆ.
- ಎಂಜಿನ್ ಮುಂಭಾಗದಲ್ಲಿ ಸರಪಳಿ ಅಲ್ಲಾಡಿದ ಸದ್ದೇ? ಟೈಮಿಂಗ್ ಚೈನ್ ಸಡಿಲವಾಗಿರಬಹುದು, ತಡ ಮಾಡಬೇಡಿ. ಆಯಿಲ್ ಬದಲಿಸುವುದನ್ನು ಮುಂದೂಡುವುದೇ ಇದಕ್ಕೆ ಮುಖ್ಯ ಕಾರಣ.

ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸುವ ಮುನ್ನ ಡೀಸೆಲ್ ಅವರ ಕೊನೆಯ ವರ್ಷಗಳನ್ನು ನೆನೆಯಿರಿ. ಜಗತ್ತಿನ ಅರ್ಧ ಸರಕನ್ನು ಹೊರುವ ಯಂತ್ರ ಕೊಟ್ಟ ಮನುಷ್ಯ ಸಾಲದ ಭಾರವನ್ನು ಯಾರಿಗೂ ಹೇಳದೆ ಒಬ್ಬರೇ ಹೊತ್ತಿದ್ದರು ಎಂದೇ ಸಿಕ್ಕ ಸುಳಿವುಗಳು ಹೇಳುತ್ತವೆ. ನಿಮ್ಮ ಸುತ್ತ ಅಂಥವರಿದ್ದರೆ ಮಾತಾಡಿಸಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಫಾರ್ವರ್ಡ್ ಮಾಡುವುದಾದರೆ ಈ ಸಂಖ್ಯೆಯನ್ನು ಮಾಡಿ.