ಗಾಡಿ ಹೊಡೆಯುವವನ ಉಪಾಯ

ಮಕ್ಕಳೇ, ನಿಮ್ಮ ಕ್ಲಾಸಿನಲ್ಲಿ ಯಾರಾದರೂ ‘ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ನಮ್ಮ ಮುತ್ತಜ್ಜನ ಮುತ್ತಜ್ಜ ಬ್ರಿಟಿಷರ ಮೇಲೆ ಕಾದಾಡಿದ್ದ’ ಎಂದರೆ, ಅವನು ಸಮವಸ್ತ್ರ ತೊಟ್ಟ ಸಿಪಾಯಿಯೇ ಆಗಿರಬೇಕೆಂದಿಲ್ಲ. ಗಡಿಸೀಮೆಯ ಕಡೆಯವನಾದರೆ ರೈತನೇ ಇರಬೇಕು. ಮನೆಯ ಬಂದೂಕು ಹೆಗಲಿಗೇರಿಸಿ ಬಂದು, ಕೆಲವು ವಾರ ಕಾದು, ಮತ್ತೆ ಹೊಲಕ್ಕೆ ಮರಳುತ್ತಿದ್ದ. ಬಯೊನೆಟ್ ಹಿಡಿದ ಬ್ರಿಟಿಷ್ ಸಾಲು ಮೈಮೇಲೆ ಬಂದಾಗ ಓಟ ಕಿತ್ತದ್ದೂ ಉಂಟು. ಇಂಥವರನ್ನೇ ಕಟ್ಟಿಕೊಂಡು ಗೆದ್ದವನು ಡೇನಿಯಲ್ ಮಾರ್ಗನ್.

ವರ್ಜೀನಿಯಾದಲ್ಲಿ ಅವನದು ಗಾಡಿ ಹೊಡೆಯುವ ಕೆಲಸ. 1755ರಲ್ಲಿ ಫ್ರೆಂಚರ ಮೇಲೆ ದಂಡೆತ್ತಿದ ಬ್ರಿಟಿಷ್ ಸೇನೆಗೆ ಸಾಮಾನು ಸಾಗಿಸಿದ. ಮುಂದೆ ಅದೇ ಸೇನೆಯ ಅಧಿಕಾರಿಯೊಬ್ಬನಿಗೆ ಗುದ್ದಿ 500 ಛಡಿಯೇಟಿನ ಶಿಕ್ಷೆಗೆ ಗುರಿಯಾದ. ಎಣಿಸುವವನು ಲೆಕ್ಕ ತಪ್ಪಿ 499ಕ್ಕೇ ನಿಲ್ಲಿಸಿಬಿಟ್ಟ, ಬ್ರಿಟಿಷ್ ದೊರೆ ಇನ್ನೂ ಒಂದೇಟು ಬಾಕಿ ಉಳಿಸಿಕೊಂಡಿದ್ದಾನೆ ಎಂದು ನಗುತ್ತ ಹೇಳಿಕೊಳ್ಳುತ್ತಿದ್ದನಂತೆ.

1781ರ ಜನವರಿ 17. ದಕ್ಷಿಣ ಕೆರೊಲಿನಾದ ಕೌಪೆನ್ಸ್, ದನ ಮೇಯಿಸುವ ಬಯಲು. ಎದುರಿಗೆ ಈಗ ಅದೇ ಬ್ರಿಟಿಷ್ ಸೇನೆ, ಅದರ ನಾಯಕ 26 ವರ್ಷದ ಟಾರ್ಲ್‌ಟನ್. ಹಿಂದುಮುಂದು ನೋಡದೆ ನುಗ್ಗುವವನು. ಹಿಂದಿನ ರಾತ್ರಿ ಮಾರ್ಗನ್ ಒಂದೊಂದೇ ಬೆಂಕಿಯ ಬಳಿ ಕೂತು ರೈತರಿಗೆ ಹೇಳಿದ್ದಿಷ್ಟೇ: ಎರಡು ಮೂರು ಸುತ್ತು ಗುಂಡು ಹಾರಿಸಿ, ಆಮೇಲೆ ಹಿಂದಕ್ಕೆ ಬನ್ನಿ. ಓಡುವವರನ್ನು ಬೈದು ನಿಲ್ಲಿಸುವ ಗೋಜಿಗೇ ಹೋಗಲಿಲ್ಲ. ಓಟವನ್ನೇ ಉಪಾಯದೊಳಗೆ ಸೇರಿಸಿಬಿಟ್ಟ. ಅವನ ಶೌರ್ಯಕ್ಕಿಂತ ನನಗೆ ಇದೇ ಇಷ್ಟ.

ಬೆಳಿಗ್ಗೆ ರೈತರು ಹಿಂದೆ ಸರಿದದ್ದೇ ತಡ, ಗೆದ್ದೆವೆಂದು ಬ್ರಿಟಿಷರು ಸಾಲು ಕೆಡಿಸಿಕೊಂಡು ನುಗ್ಗಿದರು. ಆಚೆ ಮಾರ್ಗನ್‌ನ ಕಾಯಂ ಸಿಪಾಯಿಗಳು ಕಾದಿದ್ದರು. ದಿಬ್ಬದ ಮರೆಯಿಂದ ಕುದುರೆ ಸವಾರರು ಎರಗಿದರು. ಹಿಂದೆ ಹೋದ ರೈತರೂ ಸುತ್ತಿ ಬಳಸಿ ಮತ್ತೆ ಬಂದರು! ಗಂಟೆಯೊಳಗೆ ಎಲ್ಲ ಮುಗಿದು, ಬ್ರಿಟಿಷರ ಕಡೆಯ 500ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು.

ಈ ರೈತರ ನಾಯಕ ಆಂಡ್ರ್ಯೂ ಪಿಕೆನ್ಸ್, ಅಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನರ ಊರುಗಳನ್ನು ಸುಟ್ಟ ದಂಡಯಾತ್ರೆಗಳಲ್ಲೂ ಇದ್ದವನು. ಗೆಲುವಿನ ಕಥೆ ಹೇಳುವಾಗ ಇದನ್ನು ಬಿಡಬಾರದು.

ಟಾರ್ಲ್‌ಟನ್‌ನನ್ನು ಕಳಿಸಿದ್ದವನು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಅವನೂ ಶರಣಾದ. ಅಲ್ಲಿಗೆ ಅವನ ಕಥೆ ಮುಗಿಯಲಿಲ್ಲ. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು, ನಿಮ್ಮದೇ ವಯಸ್ಸಿನ ಅವನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಒಯ್ದ.