ಅನಾಥ ಮರಿಗಳ ಆಸರೆ ಕ್ರಿಸ್ಟಲ್ ರೋಜರ್ಸ್

ಕುಂದಾಪುರ, ಬೈಂದೂರು, ಬ್ರಹ್ಮಾವರದ ರಸ್ತೆಬದಿಯಲ್ಲಿ ಯಾರೋ ಬಿಟ್ಟುಹೋದ ನಾಯಿಮರಿಯನ್ನು ಮನೆಗೆ ತಂದು ಸಲಹುವವರು ನೆನೆಯಬೇಕಾದ ಹೆಸರು ಕ್ರಿಸ್ಟಲ್ ರೋಜರ್ಸ್.

1906ರಲ್ಲಿ ಜನಿಸಿದ ಈ ಆಂಗ್ಲ ಮಹಿಳೆ 1959ರಲ್ಲಿ ನ್ಯೂಜಿಲೆಂಡಿಗೆ ಹೊರಟಿದ್ದರು. ದಾರಿಯಲ್ಲಿ ದೆಹಲಿಯಲ್ಲಿ ಇಳಿದಾಗ, ಬೀದಿಯಲ್ಲಿ ಬಿದ್ದು ಕೊನೆಯುಸಿರೆಳೆಯುತ್ತಿದ್ದ ಕುದುರೆಯನ್ನು ಕಾಗೆಗಳು ಕುಕ್ಕುತ್ತಿದ್ದುದನ್ನು ಕಂಡರು. ಪ್ರಯಾಣವನ್ನು ಅಲ್ಲಿಗೇ ಕೈಬಿಟ್ಟು ಭಾರತದಲ್ಲಿಯೇ ನೆಲೆಸಿದರು. ದೆಹಲಿಯಲ್ಲಿ ಪ್ರಾಣಿಗಳಿಗೆ ಆಶ್ರಯಧಾಮ ತೆರೆದರು. 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆಯನ್ನು ಸ್ಥಾಪಿಸಿದರು.

ವಯಸ್ಸು ಎಂಬತ್ತು ದಾಟಿದ್ದರೂ ಅವರು ವಿಶ್ರಾಂತಿ ಬಯಸಲಿಲ್ಲ. 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯುಪಾ’ ಸಂಸ್ಥೆಗೆ ಅಡಿಪಾಯ ಹಾಕಿದರು. ತಾಯಿಯಿಂದ ಅಗಲಿದ ಮರಿಗೆ ಹಾಲೊಂದೇ ಸಾಲದು. ಬೆಚ್ಚನೆಯ ಜಾಗ, ಜಂತುಹುಳದ ಔಷಧಿ, ಲಸಿಕೆ, ಕೊನೆಗೊಂದು ಮನೆಯೂ ಬೇಕು. ಮರುಕದ ಜೊತೆಗೆ ಕಾರ್ಯವೂ ಇರಬೇಕೆಂಬ ಈ ಅರಿವೇ ಸಂಸ್ಥೆಯ ಹೆಸರಿನ ಅರ್ಥ.

1996ರಲ್ಲಿ ರೋಜರ್ಸ್ ನಿಧನರಾದರು. ಅವರು ಆರಂಭಿಸಿದ ಕೆಲಸ ಮಾತ್ರ ನಿಂತಿಲ್ಲ.